ಬಾಂಬಿಗೆ ಬಾರದ ಇಂಧನ ಮಾಡಲು ಆಗುತ್ತದಾ? ಕೈಗಾ ಪಕ್ಕದಲ್ಲಿ ಕೂತು ಕೇಳುತ್ತಿರುವ ಪ್ರಶ್ನೆ

ಶಿರಸಿ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಶಕ್ತಿಯ ಮೂಲಗಳ ಪಾಠ ಬಂದಾಗ ನಮ್ಮ ಕಡೆ ಕೈಗಾ ಅಣು ವಿದ್ಯುತ್ ಸ್ಥಾವರದ ಮಾತು ಬಂದೇ ಬರುತ್ತದೆ. ಈ ಸಲ ಒಬ್ಬಳು ಹುಡುಗಿ ಎದ್ದು ನಿಂತು ನೇರವಾಗಿ ಕೇಳಿದಳು: "ಕರೆಂಟಿಗೆ ಮಾತ್ರ ಆಗುವ, ಬಾಂಬಿಗೆ ಆಗದ ಇಂಧನವನ್ನೇ ಯಾಕೆ ಮಾಡೋದಿಲ್ಲ ಅಕ್ಕೋರೇ?"

ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ. ಆದರೆ ಪ್ರಶ್ನೆ ಸರಿಯಾಗಿಯೇ ಇದೆ ಅಲ್ವಾ? ನಿಮ್ಮಲ್ಲಿ ಸ್ಥಾವರದಲ್ಲಿ ಕೆಲಸ ಮಾಡಿದವರಿದ್ದೀರಿ, ಕಾಲೇಜಿನಲ್ಲಿ ಪಾಠ ಮಾಡುವವರಿದ್ದೀರಿ, ಸ್ಥಾವರ ಬೇಡ ಎಂದು ಹೋರಾಡಿದವರೂ ಇದ್ದೀರಿ. ದಯವಿಟ್ಟು ಬಿಡಿಸಿ ಹೇಳಿ. ಗಾಳಿಸುದ್ದಿ ಬೇಡ. ಮಕ್ಕಳ ಎದುರು ನಿಂತು ಹೇಳುವಂಥದ್ದು ಬೇಕು.

ಮಲ್ಲಾಪುರದ ಹಿರಿಯ

ಅಕ್ಕೋರೇ, ನಾನು ಇಂಧನ ತುಂಬುವ ವಿಭಾಗದಲ್ಲೇ ಇದ್ದು ನಿವೃತ್ತನಾದವನು. ಹೊರಗೆ ಎಲ್ಲರಿಗೂ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ.

ಮೊದಲು ಕಣ್ಣಿಗೆ ಕಾಣುವ ವಸ್ತುವಿನಿಂದ ಶುರು ಮಾಡೋಣ. ಕೈಗಾದಲ್ಲಿ ಇಂಧನದ ಒಂದು ಕಟ್ಟಿಗೆ ಬಂಡಲ್ ಎನ್ನುತ್ತೇವೆ. ಒಂದು ಬಂಡಲ್ ಅಂದರೆ ಅರ್ಧ ಮೀಟರ್ ಉದ್ದ, ಸುಮಾರು 16 ಕೆಜಿ ತೂಕ. ಬೆರಳು ದಪ್ಪದ 19 ಕೊಳವೆಗಳನ್ನು ದುಂಡಗೆ ಜೋಡಿಸಿ, ಎರಡೂ ತುದಿಗೆ ಒಂದೊಂದು ತೆಳು ಬಿಲ್ಲೆ ಬೆಸುಗೆ ಹಾಕಿರುತ್ತಾರೆ. ಕೊಳವೆ ಜಿರ್ಕೋನಿಯಂ ಮಿಶ್ರಲೋಹದ್ದು. ಒಳಗೆ ಯುರೇನಿಯಂ ಆಕ್ಸೈಡಿನ ಕಪ್ಪು ಗುಳಿಗೆಗಳು. ತಯಾರಾಗುವುದು ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸಿನಲ್ಲಿ. ಒಂದು ರಿಯಾಕ್ಟರಿಗೆ 306 ಚಾನೆಲ್ (ಬಂಡಲ್ ಕೂರುವ ಉದ್ದ ಕೊಳವೆ), ಒಂದೊಂದರಲ್ಲಿ 12 ಬಂಡಲ್, ಒಟ್ಟು 3,672.

ಹೊಸ ಬಂಡಲನ್ನು ಕೈಗವಸು ಹಾಕಿಕೊಂಡು ಎತ್ತಬಹುದು. ಅದರಲ್ಲಿರುವುದು ಗಣಿಯಿಂದ ಬಂದ ಹಾಗೇ ಇರುವ ಯುರೇನಿಯಂ. ಸಾವಿರದಲ್ಲಿ ಏಳು ಪಾಲು ಮಾತ್ರ ಯುರೇನಿಯಂ-235, ಉಳಿದದ್ದೆಲ್ಲ ಯುರೇನಿಯಂ-238. ಅಸ್ತ್ರಕ್ಕೆ ಬಳಸುವ ಯುರೇನಿಯಂನಲ್ಲಿ ನೂರಕ್ಕೆ 90ರಷ್ಟು 235 ಇರುತ್ತದೆ. ಹಾಗಾಗಿ ಹೊಸ ಬಂಡಲಿನಿಂದ ಯಾರೂ ಬಾಂಬ್ ಮಾಡಲಾರರು. ಆ ಹುಡುಗಿ ಕೇಳಿದ ಇಂಧನ ಒಂದು ಅರ್ಥದಲ್ಲಿ ಇದೇ.

ತೊಂದರೆ ಇರುವುದು ಬಂಡಲ್ ಉರಿದು ಹೊರಗೆ ಬಂದ ಮೇಲೆ.

ಕುಮಟಾ ಹುಡುಗ

ಅಂದರೆ ಪ್ಲುಟೋನಿಯಂ?

ಮಲ್ಲಾಪುರದ ಹಿರಿಯ

ಹೌದು ತಮ್ಮಾ. ರಿಯಾಕ್ಟರಿನೊಳಗೆ 238 ಒಂದು ನ್ಯೂಟ್ರಾನ್ ನುಂಗಿ, ಕೆಲವು ದಿನಗಳಲ್ಲಿ ಪ್ಲುಟೋನಿಯಂ-239 ಆಗುತ್ತದೆ. ಇದನ್ನು ತಪ್ಪಿಸಲು ಬರುವುದಿಲ್ಲ. ಆ ಪ್ಲುಟೋನಿಯಂನ ಒಂದಷ್ಟು ಭಾಗ ಅಲ್ಲೇ ಉರಿದು ನಮಗೆ ಕರೆಂಟು ಕೊಡುತ್ತದೆ. ಉಳಿದದ್ದು ಬಂಡಲಿನ ಜೊತೆ ಹೊರಗೆ ಬರುತ್ತದೆ. ಕೈಗಾ ಥರದ ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ರಿಯಾಕ್ಟರಿನಲ್ಲಿ ಉರಿದ ಇಂಧನದ ಒಂದು ಟನ್ನಿಗೆ ಮೂರೂವರೆ ಕೆಜಿ ಆಸುಪಾಸು. ಲೆಕ್ಕ ಹಾಕಿದರೆ ಒಂದು ಬಂಡಲಿನಲ್ಲಿ 50 ಗ್ರಾಂ ಹತ್ತಿರ.

ಕಾರವಾರ ಕೆಮಿಸ್ಟ್ರಿ ಮಾಸ್ತರು

ಹಿರಿಯರು ಒಳ್ಳೆ ಜಾಗದಲ್ಲಿ ನಿಲ್ಲಿಸಿದ್ದಾರೆ, ಅಲ್ಲಿಂದ ಮುಂದೆ ಹೇಳುತ್ತೇನೆ. ಉದ್ದ ಆಗುತ್ತದೆ, ಬೇಸರ ಮಾಡಬೇಡಿ.

ಬಾಂಬಿಗೆ ಹೋಗುವ ದಾರಿ ಎರಡು. ಒಂದು ಯುರೇನಿಯಂ ಅನ್ನು ಎನ್‌ರಿಚ್ ಮಾಡುವುದು, ಅಂದರೆ ಅದರಲ್ಲಿ 235ರ ಪಾಲು ಹೆಚ್ಚಿಸುವುದು. ಇನ್ನೊಂದು ಉರಿದ ಇಂಧನದಿಂದ ಪ್ಲುಟೋನಿಯಂ ತೆಗೆಯುವುದು. ಇವೆರಡರ ಕಷ್ಟ ಬೇರೆ ಬೇರೆ. ನಮ್ಮ ಕಡೆಯ ಮಕ್ಕಳಿಗೆ ಹೀಗೆ ಹೇಳಿ ಅಕ್ಕೋರೇ: ಅಡಿಕೆ ರಾಶಿಯಲ್ಲಿ ಕಾಳುಮೆಣಸು ಸೇರಿದ್ದರೆ ಜರಡಿ ಹಿಡಿದರೆ ಸಾಕು. ಆದರೆ ಒಂದೇ ಗಾತ್ರದ, ಒಂದೇ ಬಣ್ಣದ ಅಡಿಕೆಯಲ್ಲಿ ಕೂದಲೆಳೆಯಷ್ಟು ತೂಕ ಕಡಿಮೆ ಇರುವುದನ್ನು ಮಾತ್ರ ಆರಿಸಿ ಎಂದರೆ ಇಡೀ ಊರು ಕೂತರೂ ಮುಗಿಯುವುದಿಲ್ಲ. 235 ಮತ್ತು 238 ಎರಡೂ ಯುರೇನಿಯಮ್ಮೇ. ರಾಸಾಯನಿಕವಾಗಿ ವ್ಯತ್ಯಾಸ ಇಲ್ಲ, ತೂಕದಲ್ಲಿ ಮಾತ್ರ ಚೂರು ವ್ಯತ್ಯಾಸ. ಅದಕ್ಕೇ ಸಾವಿರಾರು ಸೆಂಟ್ರಿಫ್ಯೂಜ್ (ವೇಗವಾಗಿ ತಿರುಗಿಸಿ ಬೇರೆ ಮಾಡುವ ಯಂತ್ರ) ಬೇಕು. ಪ್ಲುಟೋನಿಯಂ ಬೇರೆಯೇ ಮೂಲವಸ್ತು. ಆಸಿಡ್‌ನಲ್ಲಿ ಕರಗಿಸಿ ರಾಸಾಯನಿಕವಾಗಿ ಬೇರೆ ಮಾಡಬಹುದು. ಪರಮಾಣು ದೇಶಗಳು 1940ರ ದಶಕದಿಂದಲೂ ಈ ಕೆಲಸ ಮಾಡುತ್ತಿವೆ.

ಹಾಗಾದರೆ ಇಂಧನದಲ್ಲೇ ಏನಾದರೂ ಬೆರೆಸಿ ಪ್ಲುಟೋನಿಯಂ ಕೆಡಿಸಬಹುದಾ? ಆ ಯೋಚನೆ ಹಳೆಯದೇ. ಪ್ಲುಟೋನಿಯಂನಲ್ಲೂ ಹಲವು ಐಸೊಟೋಪ್, ಅಂದರೆ ಬೇರೆ ಬೇರೆ ತೂಕದ ರೂಪಗಳು ಇವೆ. ಅಸ್ತ್ರ ಮಾಡುವವರಿಗೆ ಬೇಕಾದ್ದು 239. ಬೇಡವಾದದ್ದು 240 ಮತ್ತು 238 (ಇದು ಪ್ಲುಟೋನಿಯಂ-238, ಹಿಂದೆ ಹೇಳಿದ ಯುರೇನಿಯಂ-238 ಅಲ್ಲ). 240 ತಾನಾಗಿಯೇ ಒಡೆದು ನ್ಯೂಟ್ರಾನ್ ಉಗುಳುತ್ತಿರುತ್ತದೆ, ಸ್ಫೋಟ ಹೊತ್ತಿಗೆ ಮುಂಚೆಯೇ ಶುರುವಾಗಿ ಬಿಡಬಹುದು. 238 ವಿಪರೀತ ಬಿಸಿಯಾಗುತ್ತದೆ. 239ಕ್ಕಿಂತ ಸುಮಾರು 300 ಪಟ್ಟು ಜಾಸ್ತಿ ಬಿಸಿ. ಬಾಹ್ಯಾಕಾಶದ ವಾಯೇಜರ್ ನೌಕೆಗಳು ಇಷ್ಟು ವರ್ಷ ನಡೆಯುತ್ತಿರುವುದು ಈ 238ರ ಬಿಸಿಯಿಂದಲೇ.

2009ರಲ್ಲಿ ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಯಿಗಾಲ್ ರೋನೆನ್ ಮತ್ತವರ ತಂಡ ಒಂದು ಸಲಹೆ ಮುಂದಿಟ್ಟಿತು. ಹೊಸ ಇಂಧನದಲ್ಲಿ ಸ್ವಲ್ಪ ಅಮೆರಿಸಿಯಂ-241 ಬೆರೆಸಿಬಿಡಿ ಎಂದು. ಹೊಗೆ ಪತ್ತೆ ಮಾಡುವ ಉಪಕರಣದಲ್ಲಿ ಚಿಟಿಕೆಗಿಂತ ಕಡಿಮೆ ಇರುತ್ತದಲ್ಲ, ಅದೇ ವಸ್ತು. ರಿಯಾಕ್ಟರಿನಲ್ಲಿ ಅದು ಹಲವು ಹಂತ ದಾಟಿ ಪ್ಲುಟೋನಿಯಂ-238 ಆಗುತ್ತದೆ. ಹೊರಗೆ ಬರುವ ಪ್ಲುಟೋನಿಯಂ ಕುದಿಯುವ ಸರಕಾಗಿರುತ್ತದೆ. ನೆಪ್ಚೂನಿಯಂ-237 ಬೆರೆಸಿದರೂ ಇದೇ ಫಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನಿಯಮದಲ್ಲೇ 238ರ ಪಾಲು 80% ದಾಟಿದ ಪ್ಲುಟೋನಿಯಂಗೆ ತಪಾಸಣೆಯಿಂದ ವಿನಾಯಿತಿ ಇದೆ. ಅಂದರೆ ತತ್ವವನ್ನು ಅವರೂ ಒಪ್ಪಿದ್ದಾರೆ.

ಆದರೆ ಅಷ್ಟು ಪಾಲು ಯಾವ ವಿದ್ಯುತ್ ರಿಯಾಕ್ಟರಿನಲ್ಲೂ ಬರುವುದಿಲ್ಲ. ಕೆಲವೇ ಶೇಕಡಾ ಬಂದರೆ ದೊಡ್ಡದು. ಅಷ್ಟಕ್ಕೆ ಅನನುಭವಿ ಕೈಸೋಲಬಹುದು. ಅನುಭವ ಇರುವ ದೇಶ ಕೈಸೋಲುತ್ತದೆ ಎಂದು ನಾನು ಬರೆದುಕೊಡಲಾರೆ. ಅಮೆರಿಕ 1962ರಲ್ಲೇ ರಿಯಾಕ್ಟರ್ ದರ್ಜೆ ಎಂದು ತಾನು ಕರೆದ ಪ್ಲುಟೋನಿಯಂ ಬಳಸಿ ಸ್ಫೋಟ ಪರೀಕ್ಷೆ ಮಾಡಿ ನೋಡಿತ್ತು. ಅದನ್ನು ಹೊರಗೆ ಹೇಳಿದ್ದು 1977ರಲ್ಲಿ. ಇನ್ನೊಂದು ಮಾತು: ಪ್ಲುಟೋನಿಯಂ-238ರ ಅರ್ಧಾಯುಷ್ಯ 88 ವರ್ಷ, 239ರದ್ದು 24,000 ವರ್ಷ. ಕೆಡಿಸಲು ಹಾಕಿದ್ದು ಮೊದಲು ಕರಗುತ್ತದೆ, ಕೆಡಬೇಕಾದದ್ದು ಉಳಿಯುತ್ತದೆ.

ಯಲ್ಲಾಪುರ ಭಾವ

ಮಾಸ್ತರ್ರೇ, ನೀವು ಇಷ್ಟು ಬಿಚ್ಚಿ ಹೇಳಿದ್ದಕ್ಕೆ ಧನ್ಯವಾದ. ನಾನು ತೋಟ ಮಾಡುವವ. ಕೈಗಾ ಬೇಡ ಎಂದ ಮೆರವಣಿಗೆಗಳಲ್ಲಿ ಸಣ್ಣವನಿದ್ದಾಗ ನಡೆದಿದ್ದೇನೆ. ಶಿವರಾಮ ಕಾರಂತರು 1989ರಲ್ಲಿ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ನಿಂತಾಗ ಮನೆ ಮನೆಯಲ್ಲೂ ಇದೇ ಮಾತು.

ನನಗೆ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿದೆ. 1974ರ ಮೇ 18ರಂದು ಪೋಖ್ರಣ್‌ನಲ್ಲಿ ಸಿಡಿದ ನಮ್ಮ ದೇಶದ ಮೊದಲ ಅಣು ಸಾಧನಕ್ಕೆ ಪ್ಲುಟೋನಿಯಂ ಬಂದದ್ದು ಮುಂಬೈನ ಟ್ರಾಂಬೆಯ ಸೈರಸ್ ರಿಯಾಕ್ಟರಿನಿಂದ. ಕೆನಡಾ ಕೊಟ್ಟ ರಿಯಾಕ್ಟರ್, ಅಮೆರಿಕ ಕೊಟ್ಟ ಭಾರಜಲ. ಕೊಡುವಾಗ ಶಾಂತಿಯ ಬಳಕೆಗೆ ಎಂದೇ ಒಪ್ಪಂದ. ಸೈರಸ್‌ನಲ್ಲಿದ್ದದ್ದೂ ಎನ್‌ರಿಚ್ ಮಾಡದ ಯುರೇನಿಯಂ, ಭಾರಜಲ. ಕೈಗಾದಲ್ಲಿ ಇರುವುದೂ ಅದೇ ಜೋಡಿ. ಹಾಗಿರುವಾಗ "ಇದು ಬಾಂಬಿಗೆ ಬಾರದ ಇಂಧನ" ಎಂದು ಮಕ್ಕಳಿಗೆ ಹೇಳುವುದು ಎಷ್ಟು ಸರಿ?

ಮಲ್ಲಾಪುರದ ಹಿರಿಯ

ಭಾವ, ನಿಮ್ಮ ಮಾತು ಸರಿಯಾದದ್ದೇ. ಮುಚ್ಚಿಡುವುದಿಲ್ಲ.

ಇಂಧನ ಎಷ್ಟು ಹೊತ್ತು ಉರಿಯಿತು ಎಂಬುದರ ಮೇಲೆ ಎಲ್ಲ ನಿಂತಿದೆ. ಬೇಗ ಹೊರಗೆ ತೆಗೆದರೆ 239 ಹೆಚ್ಚು ಶುದ್ಧ. ತುಂಬಾ ಕಾಲ ಬಿಟ್ಟರೆ 240 ಬೆಳೆಯುತ್ತದೆ. ಅಸ್ತ್ರ ದರ್ಜೆ ಎನ್ನುವುದು 240ರ ಪಾಲು 7%ಕ್ಕಿಂತ ಕಡಿಮೆ ಇದ್ದಾಗ. ಕೈಗಾದಲ್ಲಿ ಇಂಧನವನ್ನು ಪೂರ್ತಿ ಉರಿಸಿ, ಅಂದರೆ ಟನ್ನಿಗೆ 7,000 ಮೆಗಾವಾಟ್-ದಿನದ (ಇಂಧನ ಒಟ್ಟು ಕೊಟ್ಟ ಶಾಖದ ಅಳತೆ) ಹತ್ತಿರ ತಂದು ತೆಗೆದಾಗ ನಾಲ್ಕರಲ್ಲಿ ಒಂದು ಪಾಲು 240 ಇರುತ್ತದೆ. ಕರೆಂಟು ಮಾಡುವವರಿಗೆ ಬೇಗ ತೆಗೆಯುವುದು ನಷ್ಟ. ಸೈರಸ್ ಕರೆಂಟಿಗಾಗಿ ಕಟ್ಟಿದ್ದಲ್ಲ, ಅಲ್ಲಿ ಅಷ್ಟು ಹೊತ್ತು ಉರಿಸುವ ಅಗತ್ಯವೂ ಇರಲಿಲ್ಲ.

ಈಗ ಅಕ್ಕೋರ ಮಕ್ಕಳಿಗೆ ಹೇಳಲೇಬೇಕಾದ ವಿಷಯ. ಕೈಗಾದ ಮೊದಲನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ನಿಲ್ಲದೆ 962 ದಿನ ಓಡಿತು. ಆಗ ಅದು ವಿಶ್ವದಾಖಲೆ. ನಮಗೆಲ್ಲ ಎಷ್ಟು ಹೆಮ್ಮೆ ಎಂದು ಹೇಳಬೇಕಾಗಿಲ್ಲ. ಅದು ಸಾಧ್ಯವಾದದ್ದು ಯಾಕೆ? ರಿಯಾಕ್ಟರ್ ಓಡುತ್ತಿರುವಾಗಲೇ ಇಂಧನ ಬದಲಿಸಬಹುದು. ಚಾನೆಲಿನ ಎರಡೂ ತುದಿಗೆ ಒಂದೊಂದು ಫ್ಯೂಯೆಲಿಂಗ್ ಮಷಿನ್ ಬಂದು ಕಚ್ಚಿಕೊಳ್ಳುತ್ತದೆ. ಒಂದು ಕಡೆಯಿಂದ ಹೊಸ ಬಂಡಲ್ ತಳ್ಳಿದರೆ ಇನ್ನೊಂದು ಕಡೆಯಿಂದ ಉರಿದದ್ದು ಹೊರಬರುತ್ತದೆ. ಒಂದು ಸಲಕ್ಕೆ ಎಂಟು. ಕೊಠಡಿಯೊಳಗೆ ಯಾರೂ ಇರುವುದಿಲ್ಲ, ಎಲ್ಲ ಕಂಟ್ರೋಲ್ ರೂಮಿನಿಂದಲೇ. ಮಷಿನ್ ಚಾನೆಲಿನ ಮುಚ್ಚಳ ತೆಗೆದು, ತನ್ನೊಳಗೆ ಇಟ್ಟುಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಹಾಕುತ್ತದೆ. ಒಳಗೆ ಬಿಸಿ ಭಾರಜಲದ ಒತ್ತಡ ಹಾಗೇ ಇರುತ್ತದೆ. ನೋಡಿದಷ್ಟೂ ಬೆರಗು ಹುಟ್ಟಿಸುವ ಕೆಲಸ ಅದು.

ದಾಖಲೆ ತಂದುಕೊಟ್ಟ ಈ ಗುಣದ ಬಗ್ಗೆಯೇ ಹೊರಗಿನವರಿಗೆ ಆತಂಕ. ಬೇರೆ ದೇಶಗಳಲ್ಲಿ ಜಾಸ್ತಿ ಇರುವ ಸಾದಾ ನೀರಿನ ರಿಯಾಕ್ಟರಿನಲ್ಲಿ ಇಂಧನ ತೆಗೆಯಬೇಕೆಂದರೆ ಎಲ್ಲ ನಿಲ್ಲಿಸಿ ಮುಚ್ಚಳ ಬಿಚ್ಚಬೇಕು. ಅದು ಉಪಗ್ರಹದಿಂದಲೂ ತಿಳಿಯುತ್ತದೆ. ನಮ್ಮದರಲ್ಲಿ ಯಾವ ಬಂಡಲ್ ಯಾವಾಗ ಹೊರಬಂತು ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ಅಂತರರಾಷ್ಟ್ರೀಯ ತಪಾಸಣೆ ಇರುವ ಭಾರಜಲ ಸ್ಥಾವರಗಳಲ್ಲಿ ಬಂಡಲ್ ಎಣಿಸುವ ಉಪಕರಣವನ್ನೇ ಕೂರಿಸಿರುತ್ತಾರೆ. ಉರಿದ ಬಂಡಲ್ ಮಷಿನ್ನಿನಿಂದ ಅದನ್ನು ಇಡುವ ನೀರಿನ ಕೊಳದ ಕಡೆ ಹೋಗುವಾಗ ಅದರ ವಿಕಿರಣ ಹಿಡಿದು ಒಂದು, ಎರಡು, ಮೂರು ಎಂದು ದಾಖಲಿಸುತ್ತದೆ. ಕ್ಯಾಮೆರಾಕ್ಕೂ ಪೆಟ್ಟಿಗೆಗೂ ಸೀಲು. ಕೊಳದ ನೀರಿನಲ್ಲಿ ಉರಿದ ಇಂಧನದ ಸುತ್ತ ನೀಲಿ ಬೆಳಕು ಇರುತ್ತದೆ, ತಪಾಸಣೆಯವರು ಆ ಬೆಳಕನ್ನೇ ವಿಶೇಷ ದುರ್ಬೀನಿನಿಂದ ನೋಡಿ ಅಸಲಿ ಬಂಡಲ್ ಇದೆಯಾ ಎಂದು ಪರೀಕ್ಷಿಸುತ್ತಾರೆ.

ಯಲ್ಲಾಪುರ ಭಾವ

ಕೈಗಾದಲ್ಲಿ ಆ ತಪಾಸಣೆ ಇದೆಯಾ?

ಮಲ್ಲಾಪುರದ ಹಿರಿಯ

ಅಂತರರಾಷ್ಟ್ರೀಯ ತಪಾಸಣೆ ಇಲ್ಲ. ಇದು ಗುಟ್ಟೇನಲ್ಲ. 2006ರಲ್ಲಿ ಅಮೆರಿಕದ ಜೊತೆ ಅಣು ಒಪ್ಪಂದ ಆಗುವಾಗ ನಮ್ಮ ಸರಕಾರ 22 ರಿಯಾಕ್ಟರುಗಳಲ್ಲಿ 14ನ್ನು ತಪಾಸಣೆಗೆ ತೆರೆಯುವುದಾಗಿ ಹೇಳಿತು. ಕೈಗಾದ ನಾಲ್ಕೂ ಅದರ ಹೊರಗೆ ಉಳಿದವು. ಆ ಕಾರಣಕ್ಕೆ ಹೊರದೇಶದ ಯುರೇನಿಯಂ ಇಲ್ಲಿಗೆ ಬರುವ ಹಾಗಿಲ್ಲ, ದೇಶದೊಳಗಿನದ್ದೇ ಬೇಕು. ನಮ್ಮದೇ ಲೆಕ್ಕ, ನಮ್ಮದೇ ಕಾವಲು ಇದೆ. ಪ್ರತಿ ಬಂಡಲಿಗೂ ನಂಬರ್ ಇರುತ್ತದೆ.

ಯಲ್ಲಾಪುರ ಭಾವ

ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ ಹಿರಿಯರೇ. ಆದರೆ ಲೆಕ್ಕ ಇಡುವವರೂ ಲೆಕ್ಕ ನೋಡುವವರೂ ಒಂದೇ ಮನೆಯವರಾದರೆ ಹೊರಗಿನವ ಹೇಗೆ ನಂಬಬೇಕು? ಸಹಕಾರಿ ಸಂಘದಲ್ಲೂ ಆಡಿಟ್ ಬೇರೆಯವರೇ ಮಾಡುತ್ತಾರೆ.

ಕುಮಟಾ ಹುಡುಗ

ನಾನು ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಥೋರಿಯಂ ವಿಷಯ ಯಾರೂ ಎತ್ತಲಿಲ್ಲ. ಥೋರಿಯಂ ಉರಿಸಿದರೆ ಯುರೇನಿಯಂ-233 ಹುಟ್ಟುತ್ತದೆ. ಅದರ ಜೊತೆಗೇ ಸ್ವಲ್ಪ ಯುರೇನಿಯಂ-232 ಕೂಡ. 232ರ ಸಂತತಿಯಲ್ಲಿ ಥಾಲಿಯಂ-208 ಎಂಬುದೊಂದು ಬರುತ್ತದೆ. ಅದು ಬಿಡುವ ಗಾಮಾ ಕಿರಣದ ಶಕ್ತಿ 2.6 ಎಂಇವಿ, ದಪ್ಪ ಸೀಸವನ್ನೂ ತೂರುವಂಥದ್ದು. ಕದ್ದವನಿಗೆ ಹತ್ತಿರ ಹೋಗಲೂ ಆಗುವುದಿಲ್ಲ, ಬಚ್ಚಿಡಲೂ ಆಗುವುದಿಲ್ಲ. ದೂರದಿಂದಲೇ ಡಿಟೆಕ್ಟರಿಗೆ ಸಿಗುತ್ತದೆ. 232 ಮತ್ತು 233 ಒಂದೇ ಮೂಲವಸ್ತು, ಹಾಗಾಗಿ ರಾಸಾಯನಿಕವಾಗಿ ಬೇರೆ ಮಾಡಲು ಬರುವುದಿಲ್ಲ.

ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರದವರು 2009ರಲ್ಲೇ ಎಎಚ್‌ಡಬ್ಲ್ಯೂಆರ್-ಎಲ್‌ಇಯು ಎಂಬ ರಿಯಾಕ್ಟರ್ ವಿನ್ಯಾಸ ಮುಂದಿಟ್ಟರು. ಥೋರಿಯಂ ಜೊತೆ 20%ಕ್ಕಿಂತ ಕಡಿಮೆ ಎನ್‌ರಿಚ್ ಆದ ಯುರೇನಿಯಂ ಬೆರೆಸುವುದು. ಅದರಲ್ಲಿರುವ ಯುರೇನಿಯಂ-238 ಹೊಸದಾಗಿ ಹುಟ್ಟಿದ 233 ಜೊತೆ ಸೇರಿ ಅದನ್ನು ತೆಳುವಾಗಿಸುತ್ತದೆ. ಪ್ಲುಟೋನಿಯಂ ಕಡಿಮೆ ಹುಟ್ಟುತ್ತದೆ, ಹುಟ್ಟಿದ್ದರಲ್ಲೂ ಪ್ಲುಟೋನಿಯಂ-238ರ ಪಾಲು ಜಾಸ್ತಿ. ಎಷ್ಟು ಚೆನ್ನಾಗಿದೆ ನೋಡಿ! ಇದನ್ನು ಕಟ್ಟಬೇಕಿತ್ತು ಅನ್ನುವುದು ನನ್ನ ಆಸೆ.

ಮಲ್ಲಾಪುರದ ಹಿರಿಯ

ತಮ್ಮಾ, ಇನ್ನೊಂದು ಸಂಗತಿ ನಿನಗೆ ಖುಷಿ ಕೊಡಬಹುದು. ಕೈಗಾ ಒಂದು ಮತ್ತು ಎರಡಕ್ಕೆ ಮೊದಲ ಸಲ ಇಂಧನ ತುಂಬಿದಾಗ ಕೆಲವು ಥೋರಿಯಂ ಬಂಡಲ್‌ಗಳನ್ನೂ ಹಾಕಿದ್ದರು. ಎಲ್ಲ ಬಂಡಲೂ ಹೊಸದಾಗಿರುವಾಗ ನಡುವೆ ಶಾಖ ಜಾಸ್ತಿ ಆಗದಂತೆ ಹರಡಲಿಕ್ಕೆ.

ಕಾರವಾರ ಕೆಮಿಸ್ಟ್ರಿ ಮಾಸ್ತರು

ಥೋರಿಯಂ ಬಗ್ಗೆ ನನಗೂ ಪ್ರೀತಿ ಇದೆ. ಆದರೆ "ಥೋರಿಯಂ ಅಂದರೆ ಬಾಂಬೇ ಇಲ್ಲ" ಎಂದು ಬರೆಯುವವರನ್ನು ನಂಬಬೇಡ ತಮ್ಮಾ. 1955ರಲ್ಲಿ ಅಮೆರಿಕ ಯುರೇನಿಯಂ-233 ಸೇರಿಸಿದ ಸಾಧನವನ್ನು ಸಿಡಿಸಿ ನೋಡಿದೆ. ಅಂತರರಾಷ್ಟ್ರೀಯ ಸಂಸ್ಥೆ ಯಾವ ವಸ್ತು ಎಷ್ಟು ಕಾಣೆಯಾದರೆ ಒಂದು ಬಾಂಬಿಗೆ ಸಾಕಾಗಬಹುದು ಎಂದು ಪಟ್ಟಿ ಮಾಡಿದೆ. ಪ್ಲುಟೋನಿಯಂಗೆ 8 ಕೆಜಿ, 233ಕ್ಕೂ 8 ಕೆಜಿ. ಅವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದಾರೆ. ನೀನು ಹೇಳಿದ ವಿನ್ಯಾಸದ ನಿಜವಾದ ಬಲ ಯುರೇನಿಯಂ-238 ಬೆರೆಸಿ ತೆಳುವಾಗಿಸುವುದರಲ್ಲಿ ಇದೆ. ವಿಕಿರಣ ಎರಡನೆಯದು.

ಅಂಕೋಲಾ ಸಿಸ್ಟರ್

ನಾನು ಆಸ್ಪತ್ರೆಯಲ್ಲಿ ನರ್ಸ್. ಓದುತ್ತಾ ಒಂದು ಪ್ರಶ್ನೆ ಬಂತು. ನೀವೆಲ್ಲ ಯಾರ ಕೈಯಿಂದ ಕಾಪಾಡುವ ಮಾತಾಡುತ್ತಿದ್ದೀರಿ? ಕಳ್ಳನ ಕೈಯಿಂದಲೋ, ಇಂಧನದ ಒಡೆಯನಾದ ಸರಕಾರದ ಕೈಯಿಂದಲೋ? ಒಬ್ಬರು ಒಂದನ್ನು ಹಿಡಿದು ಮಾತಾಡಿದರೆ ಇನ್ನೊಬ್ಬರು ಇನ್ನೊಂದನ್ನು ಹಿಡಿದು ಉತ್ತರ ಕೊಡುತ್ತಿದ್ದೀರಿ ಅನ್ನಿಸಿತು.

ಕಾರವಾರ ಕೆಮಿಸ್ಟ್ರಿ ಮಾಸ್ತರು

ಸಿಸ್ಟರ್, ಇಡೀ ಚರ್ಚೆಯ ಬುಡಕ್ಕೇ ಕೈ ಹಾಕಿದಿರಿ. ನನ್ನ ಮಟ್ಟಿಗೆ ಇದೇ ಮುಖ್ಯ ಮಾತು.

ಕಳ್ಳನ ವಿಷಯದಲ್ಲಿ ಇಂಧನದ ಗುಣ ತುಂಬಾ ಸಹಾಯ ಮಾಡುತ್ತದೆ. ಆಗಷ್ಟೇ ಹೊರಬಂದ ಉರಿದ ಇಂಧನದ ಹತ್ತಿರ ಯಾರೂ ನಿಲ್ಲಲಾರರು. ಒಂದು ಮೀಟರ್ ದೂರದಲ್ಲಿ ಗಂಟೆಗೆ 1 ಸೀವರ್ಟ್ ಮೀರಿದ ವಿಕಿರಣ ಇದ್ದರೆ ಅದು ತನ್ನನ್ನು ತಾನೇ ಕಾಯುತ್ತದೆ ಎಂದು ಲೆಕ್ಕ. ಕೆಲವು ಗಂಟೆ ನಿಂತರೆ ಜೀವಕ್ಕೇ ಅಪಾಯ. ಬಿಸಿ, ಗಾಮಾ, ಭಾರ, ಕರಗಿಸಲು ಕಷ್ಟ ಇವೆಲ್ಲ ಕಳ್ಳನಿಗೆ ಅಡ್ಡಿಯೇ. ಎಂಟು ಕೆಜಿ ಪ್ಲುಟೋನಿಯಂ ಬೇಕೆಂದರೆ ಹಿರಿಯರು ಹೇಳಿದ 50 ಗ್ರಾಂ ಲೆಕ್ಕದಲ್ಲಿ ನೂರೈವತ್ತಕ್ಕಿಂತ ಜಾಸ್ತಿ ಬಂಡಲ್ ಮಾಯವಾಗಬೇಕು.

ಸರಕಾರದ ವಿಷಯ ಬೇರೆ. ಅದಕ್ಕೆ ದಪ್ಪ ಗೋಡೆಯ ಕೊಠಡಿ, ರೋಬೋಟ್ ಕೈ, ತಜ್ಞರು, ವರ್ಷಗಟ್ಟಲೆ ಸಮಯ ಎಲ್ಲ ಇರುತ್ತದೆ. ಬಂಡಲ್ ಕದಿಯಬೇಕಾಗಿಯೂ ಇಲ್ಲ, ಅದರದ್ದೇ. ಅಲ್ಲಿ ಇಂಧನದ ಗುಣ ಕೊಡುವುದು ಸ್ವಲ್ಪ ತಡ ಮಾತ್ರ. ಆ ತಡದಲ್ಲಿ ಬೇರೆಯವರಿಗೆ ಗೊತ್ತಾಗಬೇಕು. ಎಣಿಸುವವರು ಇಲ್ಲದಿದ್ದರೆ ತಡ ಆದರೂ ಏನು ಪ್ರಯೋಜನ? ಭಾವ ಕೇಳುತ್ತಿರುವುದು ಇದನ್ನೇ, ನಾನು ಅವರ ಪಕ್ಷವೇ.

ಹಾಗೆಂದು ಇಂಧನದ ಬಗೆಯನ್ನೇ ಬದಲಿಸುವ ಕೆಲಸ ಸುಮ್ನೆ ಎಂದಲ್ಲ. ಅದು ನಿಜವಾಗಿ ಗೆದ್ದಿರುವ ಜಾಗ ಸಂಶೋಧನಾ ರಿಯಾಕ್ಟರುಗಳದ್ದು. ಒಂದು ಕಾಲಕ್ಕೆ ವಿಶ್ವವಿದ್ಯಾಲಯದ ಸಣ್ಣ ರಿಯಾಕ್ಟರಿನಲ್ಲೂ 90% ಎನ್‌ರಿಚ್ ಆದ ಯುರೇನಿಯಂ ಇಡುತ್ತಿದ್ದರು. ಅದು ನೇರ ಬಾಂಬಿನ ಸರಕು, ಮತ್ತೆ ಎನ್‌ರಿಚ್ ಮಾಡುವ ಕೆಲಸವೇ ಇಲ್ಲ. 1978ರಲ್ಲಿ ಅಮೆರಿಕ ಒಂದು ಕಾರ್ಯಕ್ರಮ ಶುರು ಮಾಡಿತು. 20%ಕ್ಕಿಂತ ಕಡಿಮೆ ಇರುವ ಯುರೇನಿಯಮ್ಮನ್ನೇ ಹೆಚ್ಚು ಒತ್ತಾಗಿ ತುಂಬಿ ಅಷ್ಟೇ ನ್ಯೂಟ್ರಾನ್ ಪಡೆಯುವ ಇಂಧನ. ಯುರೇನಿಯಂ ಸಿಲಿಸೈಡ್ ಪುಡಿಯನ್ನು ಅಲ್ಯುಮಿನಿಯಂನಲ್ಲಿ ಹುದುಗಿಸುವ ವಿಧಾನ ಅದರಿಂದಲೇ ಬೆಳೆಯಿತು. ಈವರೆಗೆ ನೂರಕ್ಕೂ ಹೆಚ್ಚು ರಿಯಾಕ್ಟರ್ ಹೀಗೆ ಬದಲಾಗಿವೆ ಇಲ್ಲವೇ ಮುಚ್ಚಿವೆ.

ನಮ್ಮ ದೇಶದ್ದೂ ಒಂದು ಇದೆ, ಮಕ್ಕಳಿಗೆ ಇದನ್ನು ಹೇಳಿ ಅಕ್ಕೋರೇ. 1956ರಲ್ಲಿ ಟ್ರಾಂಬೆಯಲ್ಲಿ ಶುರುವಾದ ಅಪ್ಸರಾ, ಏಷ್ಯಾದ ಮೊದಲ ಸಂಶೋಧನಾ ರಿಯಾಕ್ಟರ್. ಹೊರದೇಶದಿಂದ ಬಂದ ಹೆಚ್ಚು ಎನ್‌ರಿಚ್ ಆದ ಇಂಧನದಿಂದ ನಡೆಯುತ್ತಿತ್ತು. 2009ರಲ್ಲಿ ನಿಲ್ಲಿಸಿದರು. 2018ರ ಸೆಪ್ಟೆಂಬರ್ 10ರಂದು ಅದೇ ಹೆಸರಿನ ಹೊಸ ರಿಯಾಕ್ಟರ್ ಅಲ್ಲಿ ಚಾಲೂ ಆಯಿತು. ಶಕ್ತಿ ಮೊದಲಿಗಿಂತ ಜಾಸ್ತಿ, ಇಂಧನ ಕಡಿಮೆ ಎನ್‌ರಿಚ್ ಆದ ಸಿಲಿಸೈಡ್, ಅದೂ ನಾವೇ ಮಾಡಿದ್ದು. 

ಅಂಕೋಲಾ ಸಿಸ್ಟರ್

ಸ್ಕ್ಯಾನಿಂಗಿಗೆ ಬಳಸುವ ಟೆಕ್ನೀಶಿಯಂಗೂ ಇದಕ್ಕೂ ಸಂಬಂಧ ಇದೆಯಾ? ತರಬೇತಿಯಲ್ಲಿ ಮಾಲಿಬ್ಡಿನಂ ಜನರೇಟರ್ ಬಗ್ಗೆ ಹೇಳಿದ್ದರು.

ಕಾರವಾರ ಕೆಮಿಸ್ಟ್ರಿ ಮಾಸ್ತರು

ಖಂಡಿತ ಇದೆ. ಟೆಕ್ನೀಶಿಯಂ ಹುಟ್ಟುವುದೇ ಮಾಲಿಬ್ಡಿನಂ-99ರಿಂದ. ಅದು ಸಿಗಲು ಯುರೇನಿಯಂ ತುಂಡನ್ನು ರಿಯಾಕ್ಟರಿನಲ್ಲಿ ಇಟ್ಟು ತೆಗೆಯುತ್ತಾರೆ. ದಶಕಗಟ್ಟಲೆ ಅದಕ್ಕೂ ಬಾಂಬ್ ದರ್ಜೆಯ ಯುರೇನಿಯಮ್ಮೇ. ರೋಗಿಗಳಿಗೆ ತೊಂದರೆ ಆಗುತ್ತದೆ ಎಂದು ಕಂಪನಿಗಳು ಬಹಳ ಕಾಲ ಎಳೆದಾಡಿದವು. ಈಗ ದೊಡ್ಡ ಉತ್ಪಾದಕರಲ್ಲಿ ಹೆಚ್ಚಿನವರು ಕಡಿಮೆ ಎನ್‌ರಿಚ್ ಆದದ್ದಕ್ಕೆ ಬದಲಾಗಿದ್ದಾರೆ. ಸ್ಕ್ಯಾನ್ ನಿಂತಿಲ್ಲ.

ಹೊನ್ನಾವರ ಶರಾವತಿ

ನಮ್ಮ ಕಾರವಾರದ ನೌಕಾನೆಲೆಗೆ ಅಣು ಸಬ್‌ಮರೀನ್...

ನಿರ್ವಾಹಕರು

ನೌಕಾನೆಲೆಯಲ್ಲಿ ಏನಿದೆ, ಏನು ಬರುತ್ತದೆ ಎಂಬ ಊಹೆ ಇಲ್ಲಿ ಬೇಡ. ದಯವಿಟ್ಟು ಇಂಧನದ ವಿಷಯಕ್ಕೆ ಬನ್ನಿ.

ಹೊನ್ನಾವರ ಶರಾವತಿ

ಸರಿ, ಬಿಟ್ಟೆ. ಬೇರೆ ಪ್ರಶ್ನೆ: ಈಗಾಗಲೇ ಬಾಂಬಿನಲ್ಲಿರುವುದನ್ನು ಹಿಂದಕ್ಕೆ ಕರೆಂಟಿನ ಇಂಧನ ಮಾಡಬಹುದಾ?

ಕುಮಟಾ ಹುಡುಗ

ಮಾಡಿದ್ದಾರೆ ಅಕ್ಕಾ! ರಷ್ಯಾ ಮತ್ತು ಅಮೆರಿಕ 1993ರಲ್ಲಿ ಒಪ್ಪಂದ ಮಾಡಿಕೊಂಡು 2013ರವರೆಗೆ ರಷ್ಯಾದ 500 ಟನ್ ಬಾಂಬ್ ದರ್ಜೆಯ ಯುರೇನಿಯಂ ತೆಳುವಾಗಿಸಿದರು. ಸುಮಾರು 20,000 ಸಿಡಿತಲೆಗಳಿಗೆ ಸಮ. 238 ಜಾಸ್ತಿ ಇರುವ ಯುರೇನಿಯಂ ಬೆರೆಸಿ ಸಾದಾ ರಿಯಾಕ್ಟರಿನ ಇಂಧನ ಮಾಡಿ ಅಮೆರಿಕಕ್ಕೆ ಮಾರಿದರು. ಆ ಕಾಲದಲ್ಲಿ ಅಮೆರಿಕದ ಕರೆಂಟಿನ ಹತ್ತರಲ್ಲಿ ಒಂದು ಪಾಲು ಅದರಿಂದಲೇ ಬಂತು.

ಹೊನ್ನಾವರ ಶರಾವತಿ

ಇದನ್ನು ಯಾಕೆ ಯಾರೂ ಶಾಲೆಯಲ್ಲಿ ಹೇಳಿಕೊಡಲಿಲ್ಲ ನಮಗೆ?

ಶಿರಸಿ ಅಕ್ಕೋರು

ನಾನು ಹೇಳಿಕೊಡುತ್ತೇನೆ. ಒಂದು ಸಂಶಯ ಉಳಿಯಿತು ಮಾಸ್ತರ್ರೇ. 20% ಎಂಬ ಗೆರೆ ಮತ್ತೆ ಮತ್ತೆ ಬರುತ್ತಿದೆ. ಅದರ ಕೆಳಗೆ ಇದ್ದರೆ ನಿಶ್ಚಿಂತೆಯಾ?

ಕಾರವಾರ ಕೆಮಿಸ್ಟ್ರಿ ಮಾಸ್ತರು

ನಿಶ್ಚಿಂತೆ ಎನ್ನಲಾರೆ. ಎನ್‌ರಿಚ್ ಮಾಡುವ ಶ್ರಮ ಶುರುವಿನಲ್ಲೇ ಜಾಸ್ತಿ. 0.7ರಿಂದ 20% ಮುಟ್ಟುವಷ್ಟರಲ್ಲಿ ಬಾಂಬ್ ದರ್ಜೆಗೆ ಬೇಕಾದ ಶ್ರಮದ ನೂರಕ್ಕೆ 90ರಷ್ಟು ಮುಗಿದಿರುತ್ತದೆ. ಸಂಶೋಧನಾ ರಿಯಾಕ್ಟರಿನಲ್ಲಿ ಕೆಲವೇ ಕೆಜಿ ಇರುವುದರಿಂದ ಆ ಗೆರೆ ಸಾಕಾಗಿತ್ತು. ಈಗ ಹೊಸ ಸಣ್ಣ ರಿಯಾಕ್ಟರುಗಳಿಗೆ 5ರಿಂದ 20%ರ ಇಂಧನ ಟನ್ನುಗಟ್ಟಲೆ ಬೇಕಂತೆ. ಹ್ಯಾಲ್ಯೂ ಎನ್ನುತ್ತಾರೆ. 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಐವರು ತಜ್ಞರು ಎಚ್ಚರಿಸಿದರು. ಅವರಲ್ಲಿ ಅಮೆರಿಕದ ಮೊದಲ ಹೈಡ್ರೋಜನ್ ಬಾಂಬ್ ವಿನ್ಯಾಸ ಮಾಡಿದ ರಿಚರ್ಡ್ ಗಾರ್ವಿನ್ ಒಬ್ಬರು. ಗೆರೆಯನ್ನು 10-12%ಕ್ಕೆ ಇಳಿಸಿ ಎಂಬುದು ಅವರ ಸಲಹೆ. ಬಾಂಬ್ ಮಾಡಿ ಗೊತ್ತಿರುವವರ ಮಾತು, ತಳ್ಳಿಹಾಕಬಾರದು.

ಕುಮಟಾ ಹುಡುಗ

ಆದರೆ ಮಾಸ್ತರ್ರೇ, ಕೈಗಾ ಥರದ ಭಾರಜಲ ರಿಯಾಕ್ಟರಿಗೆಂದೇ ಒಂದು ಹ್ಯಾಲ್ಯೂ ಇಂಧನ ಬರುತ್ತಿದೆ. ಥೋರಿಯಂ ಜೊತೆ ಬೆರೆಸಿದ್ದು. ನಮ್ಮ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್ ಅವರ ಗೌರವಕ್ಕೆ ಅನೀಲ್ ಎಂದೇ ಹೆಸರು. ಶಿಕಾಗೋದ ಕ್ಲೀನ್ ಕೋರ್ ಥೋರಿಯಂ ಎನರ್ಜಿ ಕಂಪನಿಯದ್ದು. 2024ರಲ್ಲಿ ಐಡಾಹೋ ರಾಷ್ಟ್ರೀಯ ಪ್ರಯೋಗಾಲಯದ ರಿಯಾಕ್ಟರಿನಲ್ಲಿ ಪರೀಕ್ಷೆ ಶುರುವಾಯಿತು. ಕಂಪನಿ ಹೇಳುವ ಪ್ರಕಾರ ಈಗಿನ ಬಂಡಲಿಗಿಂತ ಹಲವು ಪಟ್ಟು ಹೆಚ್ಚು ಕಾಲ ಉರಿಯುತ್ತದೆ. ಉರಿದ ಬಂಡಲಿನ ರಾಶಿಯೂ ಅಷ್ಟೇ ಕಡಿಮೆ, ಪ್ಲುಟೋನಿಯಮ್ಮೂ ಬಾಂಬಿಗೆ ಒಗ್ಗದ ಥರದ್ದು.

ಕಾರವಾರ ಕೆಮಿಸ್ಟ್ರಿ ಮಾಸ್ತರು

ಇಲ್ಲಿ ಲಾಭನಷ್ಟ ಎರಡೂ ಕಾಣುತ್ತದೆ. ಉರಿದ ಮೇಲೆ ಬಂಡಲ್ ಈಗಿನದ್ದಕ್ಕಿಂತ ಒಳ್ಳೆಯದು. ಉರಿಯುವ ಮೊದಲು ಈಗಿನದ್ದಕ್ಕಿಂತ ಹೆಚ್ಚು ಕಾವಲು ಬೇಡುತ್ತದೆ. ಇವತ್ತು ಹೈದರಾಬಾದಿನಿಂದ ಬರುವ ಹೊಸ ಬಂಡಲ್ ಯಾರ ಕೈಗೆ ಸಿಕ್ಕರೂ ಬಾಂಬಿಗೆ ಉಪಯೋಗ ಇಲ್ಲ. ಹ್ಯಾಲ್ಯೂ ಬಂಡಲಿಗೆ ಆ ಮಾತು ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ.

ಯಲ್ಲಾಪುರ ಭಾವ

ಆ ಹ್ಯಾಲ್ಯೂ ನಮ್ಮಲ್ಲಿ ತಯಾರಾಗುತ್ತದಾ, ಹೊರಗಿನಿಂದ ಬರಬೇಕಾ?

ಕಾರವಾರ ಕೆಮಿಸ್ಟ್ರಿ ಮಾಸ್ತರು

ಅಮೆರಿಕದ ಕಂಪನಿಯದ್ದಾದರೆ ಹೊರಗಿನಿಂದಲೇ. ಹೊರಗಿನ ಇಂಧನ ಅಂತರರಾಷ್ಟ್ರೀಯ ತಪಾಸಣೆ ಇರುವ ರಿಯಾಕ್ಟರಿಗೆ ಮಾತ್ರ. ಅಂದರೆ ಕೈಗಾಕ್ಕೆ ಬರಬೇಕಾದರೆ ಮೊದಲು ಕೈಗಾ ಆ ಪಟ್ಟಿಗೆ ಸೇರಬೇಕು.

ಯಲ್ಲಾಪುರ ಭಾವ

ಹಾಗಾದರೆ ಬರಲಿ ಅನ್ನುವವನು ನಾನು. ಬಂಡಲ್ ಜೊತೆ ಎಣಿಸುವವರೂ ಬರುತ್ತಾರಲ್ಲ. ಇಷ್ಟು ವರ್ಷ ಸ್ಥಾವರ ಬೇಡ ಎಂದವನು ಹೀಗೆ ಬರೆಯುತ್ತಿದ್ದೇನೆ ಎಂದು ನಮ್ಮವರು ಬೈಯಬಹುದು. ಸ್ಥಾವರ ಹೇಗೂ ಎದ್ದು ನಿಂತಿದೆ, 700 ಮೆಗಾವಾಟಿನ ಐದು ಮತ್ತು ಆರನೇ ಘಟಕಕ್ಕೂ ಮಂಜೂರಾತಿ ಆಗಿದೆ. ಅದರ ಕೊಳದಲ್ಲಿರುವುದನ್ನು ಹೊರಗಿನವರೊಬ್ಬರು ಎಣಿಸುತ್ತಾರೆ ಎಂದಾದರೆ ನನಗೆ ಅದು ಸಣ್ಣ ವಿಷಯ ಅಲ್ಲ.

ಮಲ್ಲಾಪುರದ ಹಿರಿಯ

ಎಣಿಸುವುದಕ್ಕೆ ನನ್ನ ವಿರೋಧ ಇಲ್ಲ ಭಾವ. ರಾಜಸ್ಥಾನದ ರಾವತ್‌ಭಾಟಾದಲ್ಲಿ ಇದೇ ಥರದ ರಿಯಾಕ್ಟರುಗಳಿಗೆ ತಪಾಸಣೆ ಇದೆ, ಕೆಲಸ ನಡೆದೇ ಇದೆ. ನನ್ನದು ಬೇರೆ ಚಿಂತೆ. ಹೊಸ ಬಂಡಲ್ ಉದ್ದದಲ್ಲಿ, ವ್ಯಾಸದಲ್ಲಿ, ತುದಿಯ ಬಿಲ್ಲೆಯಲ್ಲಿ ಈಗಿನದ್ದರ ಹಾಗೇ ಇರಬೇಕು. ಇಲ್ಲದಿದ್ದರೆ ಫ್ಯೂಯೆಲಿಂಗ್ ಮಷಿನ್ ಹಿಡಿಯುವುದಿಲ್ಲ. ಅಷ್ಟು ಕಾಲ ಉರಿದ ಮೇಲೆ ಕೊಳವೆ ಉಬ್ಬದೆ, ಬಾಗದೆ ಚಾನೆಲಿನಿಂದ ಸಲೀಸಾಗಿ ಜಾರಿ ಬರುತ್ತದಾ ಎಂಬುದನ್ನು ಮೊದಲು ಪರೀಕ್ಷೆ ಮಾಡಿ ತೋರಿಸಲಿ. ಅಕ್ಕೋರೇ, ಮಕ್ಕಳಿಗೆ ಬಂಡಲ್ ಹೇಗಿರುತ್ತದೆ ಎಂದು ತೋರಿಸಲು ಪಿವಿಸಿ ಪೈಪಿನ 19 ತುಂಡು ಸಾಕು: ನಡುವೆ ಒಂದು, ಅದರ ಸುತ್ತ ಆರು, ಹೊರಗೆ ಹನ್ನೆರಡು. ಅರ್ಧ ಮೀಟರಿಗೆ ಕತ್ತರಿಸಿಕೊಳ್ಳಿ.